ಕಳೆ ಬಂತು

ಮದುವೆ ಗೊತ್ತಾದ ಹುಡುಗಿಗೆ ಉಪದೇಶ ಹೇಳಲು ಯಾರಿಗೂ ಲೈಸೆನ್ಸ್ ಬೇಕಿಲ್ಲ. ನಿನ್ನೆಯವರೆಗೆ ಅವಳ ಕಡೆ ತಿರುಗಿಯೂ ನೋಡದ ಪಕ್ಕದ ಮನೆಯವರು ಇವತ್ತು ಗೇಟಿನ ಮೇಲೆ ಕೈಯಿಟ್ಟುಕೊಂಡು ನಿಲ್ಲುತ್ತಾರೆ. ಒಬ್ಬರು ಹಾಲಿನ ಕೆನೆ ಹಚ್ಚು ಅನ್ನುತ್ತಾರೆ, ಇನ್ನೊಬ್ಬರು ಅಯ್ಯೋ ಕೆನೆ ಹಚ್ಚಿದರೆ ಮೊಡವೆ ಏಳುತ್ತೆ ಅನ್ನುತ್ತಾರೆ. ರಾತ್ರಿ ಊಟ ಬಿಡು. ಬಿಟ್ಟರೆ ಕಣ್ಣು ಗುಳಿ ಬೀಳುತ್ತೆ. ಓಡು; ಓಡಿದರೆ ಕಪ್ಪಾಗ್ತೀಯ. ಎಲ್ಲರ ಮಾತೂ ಕೇಳಿದ ಹುಡುಗಿ ಮದುವೆಯ ದಿನ ಮುಖದಲ್ಲಿ ಎರಡು ಬಣ್ಣ ಹೊತ್ತುಕೊಂಡು ನಿಂತಿರುತ್ತಾಳೆ. ಉಪದೇಶ ಹೇಳಿದವರೇ ಬಂದು, ಹೊಟ್ಟೆತುಂಬ ಉಂಡು, ಹುಡುಗಿ ಯಾಕೋ ಸೊರಗಿದ್ದಾಳೆ ಅಂದು ಕೈ ತೊಳೆದುಕೊಂಡು ಹೋಗುತ್ತಾರೆ.

ಆ ಬೀದಿಯ ಹುಡುಗಿಯರಿಗೆ ಮಾತ್ರ ಈ ಗೋಳು ಕಡಿಮೆ. ಅಲ್ಲಿ ಕನ್ನಡಿ ಅಕ್ಕ ಇದ್ದಳು.

ಒಂದು ಟೈಲರ್ ಅಂಗಡಿಗೂ ಒಂದು ಜೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಕೊಂಡ ಇಕ್ಕಟ್ಟಿನ ಕೋಣೆಯಲ್ಲಿ ಅವಳ ಬ್ಯೂಟಿ ಪಾರ್ಲರ್. ಬಾಗಿಲ ಎದುರಿನ ಗೋಡೆ ಪೂರ್ತಿ ಕನ್ನಡಿ. ಬೀದಿಯಲ್ಲಿ ಹೋಗುವವರಿಗೆಲ್ಲ ಅದರಲ್ಲಿ ತಮ್ಮ ಮುಖ ಕಾಣುತ್ತಿತ್ತು. ಸೈಕಲ್ಲಿನವರು ಕಾಲೂರಿ ತಲೆ ಬಾಚಿಕೊಂಡು ಮುಂದೆ ಹೋಗುತ್ತಿದ್ದರು. ಹಾಗಾಗಿ ಅವಳಿಗೆ ಆ ಹೆಸರು ಬಂತು. ಅಪ್ಪ ಅಮ್ಮ ಇಟ್ಟ ಹೆಸರು ಕರೆಂಟು ಬಿಲ್ಲಿನಲ್ಲಿ ಮಾತ್ರ ಉಳಿಯಿತು.

ಮದುವೆ ಹುಡುಗಿಯರನ್ನು ತಿಂಗಳುಗಳ ಮುಂಚೆಯೇ ಅವಳ ಕೈಗೆ ಒಪ್ಪಿಸುತ್ತಿದ್ದರು. ಅವಳು ಮೊದಲ ದಿನವೇ ಪಾಠ ಹೇಳುತ್ತಿದ್ದಳು. "ಬೆಳಿಗ್ಗೆ ಎದ್ದು ನಡಿ, ಎಳೆಬಿಸಿಲು ಮುಖಕ್ಕೆ ಬೀಳಲಿ. ನೀರು ಕುಡಿ, ಬಾಯಾರಿಕೆ ಆಗೋವರೆಗೆ ಕಾಯ್ಬೇಡ. ಕರಿದದ್ದನ್ನ ಮರ್ತುಬಿಡು. ಕಂಡ ಕಂಡ ಕ್ರೀಮು ಹಚ್ಬೇಡ, ಮುಖ ಏನು ಪ್ರಯೋಗಶಾಲೆನಾ? ಅಳೋದಿದ್ರೆ ಈಗಲೇ ಅತ್ತು ಮುಗಿಸು. ಮದುವೆ ಹತ್ತಿರ ಬಂದಾಗ ಅತ್ತು ಮುಖ ಊದಿಸ್ಕೊಂಡು ಬಂದ್ರೆ ನಾನು ಬ್ರಷ್ ಮುಟ್ಟಲ್ಲ. ಮದುವೆ ಒಂದು ದಿನದ್ದು, ಫೋಟೋ ಸಾಯೋ ತನಕದ್ದು." ಕೊನೆಯ ಮಾತು ಆ ಬೀದಿಯಲ್ಲಿ ಗಾದೆಯೇ ಆಗಿಹೋಗಿತ್ತು.

ಅದಕ್ಕಿಂತ ದೊಡ್ಡದು ಅವಳ ಇನ್ನೊಂದು ಪದ್ಧತಿ. ಹುಡುಗಿ ವಾರಕ್ಕೊಮ್ಮೆ ಬರೀ ನೀರಿನಲ್ಲಿ ಮುಖ ತೊಳೆದು ಬಂದು ಕನ್ನಡಿಯ ಮುಂದೆ ಸ್ಟೂಲಿನ ಮೇಲೆ ಕೂರಬೇಕು. ಕನ್ನಡಿ ಅಕ್ಕ ಲೈಟು ಆರಿಸಿ, ಬಾಗಿಲು ಪೂರ್ತಿ ತೆರೆದು, ಬೀದಿಯ ಬೆಳಕಿನಲ್ಲಿ ಆ ಮುಖವನ್ನೇ ನೋಡುತ್ತಿದ್ದಳು. "ಇನ್ನೂ ಇಲ್ಲ," ಅನ್ನುತ್ತಿದ್ದಳು. ಹುಡುಗಿ ಪೆಚ್ಚು ಮೋರೆ ಹಾಕಿಕೊಂಡು ಹೋಗುತ್ತಿದ್ದಳು. ಹೀಗೆ ಒಂದು ವಾರ, ಇನ್ನೊಂದು ವಾರ. ಆಮೇಲೊಂದು ದಿನ ಅವಳು ಸೊಂಟದ ಮೇಲೆ ಕೈಯಿಟ್ಟು, "ಕಳೆ ಬಂತು!" ಅನ್ನುತ್ತಿದ್ದಳು. ಅಷ್ಟೇ. ಆಮೇಲೆ ಫೇಶಿಯಲ್ಲೂ ಇಲ್ಲ, ಲೇಪವೂ ಇಲ್ಲ. ಮದುವೆ ಕಳೆ ಅನ್ನುವುದು ಒಳಗಿನಿಂದ ಬರುವಂಥದ್ದು, ಬಂದ ಮೇಲೆ ಅದನ್ನು ಕೆದಕಬಾರದು ಎಂದು ಅವಳ ವಾದ. ಆ ಮಾತು ಕೇಳಿ ಅಂಗಡಿಯಲ್ಲೇ ಕಣ್ಣೊರೆಸಿಕೊಂಡ ತಾಯಂದಿರಿದ್ದಾರೆ. ಅವಳ ಕಣ್ಣು ಸುಳ್ಳು ಹೇಳುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ಅವಳೂ ನಂಬಿದ್ದಳು.

ಅಷ್ಟು ಹುಡುಗಿಯರನ್ನು ಸಿಂಗರಿಸಿದವಳು ತಾನು ಮಾತ್ರ ಆ ಸ್ಟೂಲಿನ ಮೇಲೆ ಕೂರಲಿಲ್ಲ. ಅವಳ ಅಕ್ಕ ತೀರಿಕೊಂಡಾಗ ಅಕ್ಕನ ಮಗು ಗೋಡೆ ಹಿಡಿದು ನಡೆಯುತ್ತಿತ್ತು. ಭಾವ ಇನ್ನೊಂದು ಮದುವೆಯಾಗಿ ಇನ್ನೊಂದು ಊರು ಸೇರಿದ. ಕನ್ನಡಿ ಅಕ್ಕ ಮಗುವನ್ನು ತಂದು, ಅಂಗಡಿಯ ಮೂಲೆಯಲ್ಲಿ ಟವೆಲ್ಲುಗಳ ಬುಟ್ಟಿಯಲ್ಲಿ ಕೂರಿಸಿಕೊಂಡು ಕೆಲಸ ಮಾಡಿದಳು. ತನ್ನ ಮದುವೆಯ ಮಾತು ಬಂದಾಗಲೆಲ್ಲ, "ಮೊದಲು ಇದು ದೊಡ್ಡದಾಗಲಿ," ಅಂದಳು. ಅದು ದೊಡ್ಡದಾಯಿತು. ಕೇಳುವವರು ಅಷ್ಟರಲ್ಲಿ ಕೇಳುವುದನ್ನು ಬಿಟ್ಟಿದ್ದರು.

ಬುಟ್ಟಿಯ ಮಗು ದುಂಡಗೆ ಬೆಳೆದು ಎಲ್ಲರ ಬಾಯಲ್ಲಿ ಗುಂಡು ಆಯಿತು. ಚಿಕ್ಕ ಮಕ್ಕಳ ಶಾಲೆಯಲ್ಲಿ ಟೀಚರ್ ಕೆಲಸ ಹಿಡಿಯಿತು. ನಗುವುದೆಂದರೆ ಅವಳಿಗೆ ಉಸಿರಾಡಿದಷ್ಟೇ ಸಲೀಸು. ಶಾಲೆಯ ಮಕ್ಕಳ ಕಣ್ಣು ಪರೀಕ್ಷೆಗೆಂದು ಬಂದ ದೊಡ್ಡ ರಸ್ತೆಯ ಕನ್ನಡಕದ ಅಂಗಡಿಯ ಹುಡುಗ ಮಕ್ಕಳಿಗಿಂತ ಟೀಚರನ್ನೇ ಹೆಚ್ಚು ನೋಡಿಕೊಂಡು ಹೋದ. ಎರಡು ಮನೆಯವರೂ ಕೂತು ಮಾತಾಡಿ ಮದುವೆ ಗೊತ್ತಾಯಿತು. "ಕನ್ನಡಿ ಮನೆಯಿಂದ ಕನ್ನಡಕದ ಮನೆಗೆ," ಎಂದು ಬೀದಿಯಲ್ಲೆಲ್ಲ ನಗು. ಜೆರಾಕ್ಸ್ ಅಂಗಡಿಯ ಆಂಟಿಯಂತೂ ಬಂದ ಗಿರಾಕಿಗಳಿಗೆಲ್ಲ ಹಾಳೆಯ ಜೊತೆ ಈ ಸುದ್ದಿಯನ್ನೂ ಕೊಟ್ಟು ಕಳಿಸಿದಳು.

ಕನ್ನಡಿ ಅಕ್ಕನಿಗೆ ಅಷ್ಟು ದಿನ ಬೇರೆಯವರ ಮಕ್ಕಳ ಮೇಲೆ ಮಾಡಿದ್ದೆಲ್ಲ ಇದೊಂದು ದಿನಕ್ಕಾಗಿ ಮಾಡಿದ ಅಭ್ಯಾಸ ಅನ್ನಿಸಿತು. ಮೊದಲ ಪಾಠದ ದಿನ ಗುಂಡು ಸ್ಟೂಲಿನ ಮೇಲೆ ಕೂತು ಕಾಲಾಡಿಸುತ್ತ ಕೇಳಿದಳು.

"ಚಿಕ್ಕಮ್ಮ, ಈ ಕಳೆ ಕಳೆ ಅಂತೀಯಲ್ಲ, ನಮ್ಮ ಕ್ಲಾಸಲ್ಲಿ ಅದು ದಿನಾ ಬರುತ್ತೆ. ಐದರಲ್ಲಿ ಎರಡು ಕಳೆ, ಏಳರಲ್ಲಿ ಮೂರು ಕಳೆ. ಮಕ್ಕಳಿಗೆ ಕೂಡೋದು ಬೇಗ ಬರುತ್ತೆ, ಕಳೆಯೋದೇ ಕಷ್ಟ."

"ನಿನ್ನ ತಲೆ. ಮೊದಲು ನೀನು ತೂಕ ಕಳ್ಕೋ, ಆಮೇಲೆ ಲೆಕ್ಕ ಹೇಳುವಿಯಂತೆ."

ಗುಂಡು ಕಳೆದುಕೊಂಡಳು. ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಎಳೆಬಿಸಿಲಿಗೆ ಮುಖವೊಡ್ಡಿ ಸುತ್ತು ಹಾಕಿದಳು. ನೀರು ತುಂಬಿದ ಬಾಟಲಿಗಳನ್ನೇ ಎರಡು ಕೈಯಲ್ಲಿ ಎತ್ತಿ ಇಳಿಸಿದಳು. ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಸರಸರನೆ ಇಳಿಯತೊಡಗಿದಳು. ಬಟ್ಟೆ ಸಡಿಲವಾಯಿತು, ಕತ್ತಿನ ಮೂಳೆ ಎದ್ದು ಕಂಡಿತು. ಪಕ್ಕದ ಟೈಲರ್ ಮದುವೆಯ ಉಡುಪನ್ನು ಬಿಗಿಯಾಗಲೆಂದು ಒಮ್ಮೆ ಹಿಡಿದು ಹೊಲಿದ, ಮತ್ತೆ ಹಿಡಿದ, ಮೂರನೆಯ ಸಲ, "ಇನ್ನು ಹಿಡಿದರೆ ಬಟ್ಟೆಯೇ ಉಳಿಯಲ್ಲ ಅಕ್ಕ," ಎಂದು ಕತ್ತರಿ ಕೆಳಗಿಟ್ಟ. ಕನ್ನಡಿ ಅಕ್ಕ ಹಿರಿಹಿರಿ ಹಿಗ್ಗಿದಳು. ತನ್ನ ಪಾಠ ಇಷ್ಟು ಚೆನ್ನಾಗಿ ಇನ್ಯಾವ ಹುಡುಗಿಗೂ ಹತ್ತಿರಲಿಲ್ಲ.

ಆಮೇಲೆ ಒಂದು ವಾರ ಲೈಟು ಆರಿಸಿ, ಬಾಗಿಲು ತೆರೆದು ನೋಡಿದಾಗ ಗುಂಡುವಿನ ಎರಡು ಕೆನ್ನೆಗಳ ಮೇಲೂ ತೆಳುವಾಗಿ ಕೆಂಪು ಹರಡಿತ್ತು. ಒಂದು ಕೆನ್ನೆಯಿಂದ ಮೂಗಿನ ಮೇಲೆ ಹಾಯ್ದು ಇನ್ನೊಂದು ಕೆನ್ನೆಗೆ, ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ. ಕಣ್ಣುಗಳು ಹೊಳೆಯುತ್ತಿದ್ದವು.

ಕನ್ನಡಿ ಅಕ್ಕ ಒಂದು ಹೆಜ್ಜೆ ಹತ್ತಿರ ಬಂದಳು. ಸೊಂಟದ ಮೇಲೆ ಕೈಯಿಡಲೂ ಮರೆತಳು. "ಕಳೆ ಬಂತು ಗುಂಡು," ಅಂದಳು. "ನನ್ನ ಜನ್ಮದಲ್ಲೇ ಇಂಥ ಕಳೆ ನೋಡಿಲ್ಲ ಕಣೇ."

ಜೆರಾಕ್ಸ್ ಅಂಗಡಿಯ ಆಂಟಿ ಓಡಿ ಬಂದಳು. ಟೈಲರನ ಹೆಂಡತಿ ಬಂದಳು. ಎಲ್ಲರೂ ಬಾಗಿಲಲ್ಲಿ ನಿಂತು ಕನ್ನಡಿಯಲ್ಲಿ ಅವಳನ್ನು ನೋಡಿದರು. "ಪೌಡರಿಲ್ಲ, ಬಣ್ಣವಿಲ್ಲ, ಏನು ಕಳೆ ಅಕ್ಕ!" ಅಂದರು. ಗುಂಡು ತನ್ನ ಮುಖ ತಾನೇ ನೋಡಿಕೊಂಡು ನಾಚಿದಳು. ಚಿಕ್ಕಮ್ಮ ಅಷ್ಟು ಸಂತೋಷಪಟ್ಟಿದ್ದನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಆ ಸಂತೋಷವೇ ಮುಳುವಾಯಿತು.

ಗುಂಡು ಮೊದಮೊದಲು ಹೇಳಿದ್ದಳು. ಹೇಳಲಿಲ್ಲ ಎಂದು ಯಾರೂ ಅನ್ನಬಾರದು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುವುದಿಲ್ಲ, ಸೀಮೆಸುಣ್ಣ ಹಿಡಿಯಲು ಕಷ್ಟ ಅಂದಳು. "ಬಾಟಲಿ ಎತ್ತುತ್ತೀಯಲ್ಲ, ಅದಕ್ಕೆ. ಚೆಂದ ಬೇಕಂದ್ರೆ ನೋವು ಇದ್ದದ್ದೇ," ಅಂದಳು ಚಿಕ್ಕಮ್ಮ. ಸಂಜೆ ಆದರೆ ಮೈ ಬಿಸಿಯಾಗುತ್ತೆ, ಸುಸ್ತು ಅಂದಳು. "ಮದುವೆ ಹುಡುಗಿಗೆ ನಿದ್ದೆ ಎಲ್ಲಿಂದ ಬರ್ಬೇಕು? ರಾತ್ರಿಯೆಲ್ಲ ಕನ್ನಡಕದವನ ಹತ್ತಿರ ಫೋನಲ್ಲಿ ಮಾತಾಡಿದ್ರೆ ಇನ್ನೇನಾಗುತ್ತೆ?" ಬಾಚಣಿಗೆಯಲ್ಲಿ ಕೂದಲು ಉಂಡೆ ಕಟ್ಟಿತು. "ಟೆನ್ಷನ್ನು. ಎಲ್ಲ ಹುಡುಗಿಯರಿಗೂ ಉದುರುತ್ತೆ, ಮದುವೆ ಆದ್ಮೇಲೆ ನಿಲ್ಲುತ್ತೆ." ಎಲ್ಲ ಹುಡುಗಿಯರಿಗೂ ಸುಸ್ತು, ಎಲ್ಲ ಹುಡುಗಿಯರಿಗೂ ಮೈಕೈ ನೋವು. ಕನ್ನಡಿ ಅಕ್ಕನ ಹತ್ತಿರ ಒಂದೊಂದಕ್ಕೂ ಉತ್ತರ ಸಿದ್ಧವಿತ್ತು, ಯಾಕೆಂದರೆ ಆ ಪ್ರಶ್ನೆಗಳನ್ನೆಲ್ಲ ಅವಳು ಮೊದಲೇ ಕೇಳಿದ್ದಳು. ಒಂದೇ ಮೈಯಲ್ಲಿ ಅವೆಲ್ಲ ಒಟ್ಟಿಗೆ ಬಂದು ಕೂತಿವೆ ಎಂಬುದನ್ನು ಅವಳು ಎಣಿಸಲೇ ಇಲ್ಲ.

ಕೊನೆಗೆ ಗುಂಡು ಹೇಳುವುದನ್ನು ಬಿಟ್ಟಳು. ಹೇಳಿದಾಗಲೆಲ್ಲ ಚಿಕ್ಕಮ್ಮನ ಮುಖ ಒಂದು ಗಳಿಗೆ ಸಣ್ಣದಾಗುತ್ತಿತ್ತು. ಟವೆಲ್ಲಿನ ಬುಟ್ಟಿಯಲ್ಲಿ ಬೆಳೆದ ಮಗುವಿಗೆ ಆ ಮುಖ ಸಣ್ಣದಾಗುವುದನ್ನು ನೋಡುವ ಶಕ್ತಿ ಇರಲಿಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ. ಇಲ್ಲಿ ಹುಣ್ಣೂ ಅಂಗೈಯಲ್ಲೇ ಇತ್ತು, ಗೋಡೆ ತುಂಬ ಕನ್ನಡಿಯೂ ಇತ್ತು. ಆದರೂ ಕಾಣಲಿಲ್ಲ.

ಮದುವೆಗೆ ಕೆಲವೇ ದಿನ ಇರುವಾಗ ಟ್ರಯಲ್ ಇಟ್ಟುಕೊಂಡಳು ಕನ್ನಡಿ ಅಕ್ಕ. ಬಟ್ಟೆ ತೊಡಿಸಿ, ಕೂದಲು ಕಟ್ಟಿ, ಬಣ್ಣ ಹಚ್ಚಿ ಒಮ್ಮೆ ಪೂರ್ತಿ ನೋಡಿಬಿಡುವುದು ಅವಳ ಕ್ರಮ. ಬೆಳಿಗ್ಗೆ ಗುಂಡುವಿನ ಕಣ್ಣಿನ ಕೆಳಗೆ ಊದಿತ್ತು. ತಣ್ಣಗಿನ ಚಮಚ ಒತ್ತಿದಳು, ಇಳಿಯಲಿಲ್ಲ. "ಅತ್ತಿದ್ದೀಯೇನೇ?" ಅಂದಳು. ಗುಂಡು ಇಲ್ಲವೆಂದು ತಲೆಯಾಡಿಸಿದಳು. ಮುಖ ಮುಗಿಸಿ, ಕೊನೆಗೆ ಹೊಸ ಚಪ್ಪಲಿ ತೊಡಿಸಲು ನೆಲದ ಮೇಲೆ ಕೂತಳು. ತಿಂಗಳ ಹಿಂದೆ ಅಳತೆ ನೋಡಿ ತಂದ ಚಪ್ಪಲಿಗೆ ಪಾದ ಹೋಗಲಿಲ್ಲ.

"ಇದೇನೇ, ಮೈಯೆಲ್ಲ ಇಳಿದು ಕಾಲು ಮಾತ್ರ ದಪ್ಪ ಆಯ್ತಾ?" ಎಂದು ನಗುತ್ತ ಹೆಬ್ಬೆರಳಿನಿಂದ ಕಾಲ್ಗಂಟಿನ ಹತ್ತಿರ ಒತ್ತಿ ಪಟ್ಟಿ ಎಳೆದಳು.

ಬೆರಳು ತೆಗೆದ ಜಾಗದಲ್ಲಿ ಕುಳಿ ಬಿತ್ತು. ಕನ್ನಡಿ ಅಕ್ಕ ಕಾದಳು. ಎಷ್ಟೋ ವರ್ಷದಿಂದ ದಿನವಿಡೀ ಚರ್ಮ ಒತ್ತಿದ ಕೈ ಅದು, ಒತ್ತಿದರೆ ಚರ್ಮ ತಿರುಗಿ ಏಳುತ್ತದೆ ಎಂದು ಆ ಕೈಗೆ ಗೊತ್ತು. ಇದು ಏಳಲಿಲ್ಲ. ಕಲಸಿದ ಹಿಟ್ಟಿನಲ್ಲಿ ಬೆರಳಿಟ್ಟ ಗುರುತಿನಂತೆ ಹಾಗೇ ಉಳಿಯಿತು. ಅವಳ ನಗು ಬಾಯಲ್ಲೇ ನಿಂತಿತು. ಇನ್ನೊಂದು ಕಡೆ ಒತ್ತಿದಳು. ಇನ್ನೊಂದು ಕುಳಿ. ತಲೆಯೆತ್ತಿ ನೋಡಿದಳು. ಅಷ್ಟು ದಪ್ಪ ಹಚ್ಚಿದ ಬಣ್ಣದ ಕೆಳಗಿನಿಂದಲೂ ಆ ಕೆಂಪು ಚಿಟ್ಟೆ ಕಾಣುತ್ತಿತ್ತು. ಅದು ಬಂದಾಗಿನಿಂದ ಒಂದು ದಿನವೂ ಮಾಸಿರಲಿಲ್ಲ. ಯಾವ ಹುಡುಗಿಯ ಕಳೆಯೂ ಹಾಗೆ ಬೆಳಿಗ್ಗೆ ಸಂಜೆ ಒಂದೇ ಸಮ ಇರುವುದಿಲ್ಲ ಎಂದು ಅವಳಿಗೆ ಆಗ ಹೊಳೆಯಿತು.

"ಎಷ್ಟು ದಿನದಿಂದ ಕಾಲು ಹೀಗಿದೆ?"

"ಸ್ವಲ್ಪ ದಿನ ಆಯ್ತು ಚಿಕ್ಕಮ್ಮ. ನೀರು ಜಾಸ್ತಿ ಕುಡೀತಿದ್ದೀನಲ್ಲ, ಅದಕ್ಕೇನೋ ಅಂದ್ಕೊಂಡೆ."

ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಮದುವೆಯ ಉಡುಪಿನಲ್ಲಿ ಬಂದ ರೋಗಿಯನ್ನು ನೋಡಿ ಒಂದು ಕ್ಷಣ ತಬ್ಬಿಬ್ಬಾದಳು. ಹತ್ತಿಯಿಂದ ಬಣ್ಣ ಒರೆಸಿಸಿ ಕೆನ್ನೆ ನೋಡಿದಳು, ಬೆರಳಿನ ಗೆಣ್ಣುಗಳನ್ನು ಮುಟ್ಟಿ ನೋಡಿದಳು, ಬಾಯಿ ತೆರೆಸಿ ಒಳಗೆ ಹುಣ್ಣಿದೆಯೇ ಎಂದು ನೋಡಿದಳು. ಆಮೇಲೆ ಕನ್ನಡಿ ಅಕ್ಕನ ಕಡೆ ತಿರುಗಿದಳು.

"ಈ ಕೆಂಪು ಯಾವಾಗಿಂದ ಇದೆ?"

"ಕಳೆ ಬಂದು..." ಎಂದು ಶುರು ಮಾಡಿದವಳು ನಿಲ್ಲಿಸಿದಳು.

"ಏನು ಬಂದು?"

"ಎರಡು ತಿಂಗಳಾಯ್ತು."

"ಎರಡು ತಿಂಗಳು! ಮನೇಲಿ ಯಾರೂ ನೋಡ್ಲಿಲ್ವಾ?"

"ಎಲ್ಲರೂ ನೋಡಿದ್ರು," ಅಂದಳು ಕನ್ನಡಿ ಅಕ್ಕ.

ರಕ್ತ, ಮೂತ್ರ ಎಲ್ಲ ಪರೀಕ್ಷೆಗೆ ಹೋಗಿ ಬಂದ ಮೇಲೆ ಡಾಕ್ಟರಮ್ಮ ಕೂರಿಸಿ ಹೇಳಿದಳು. ಲೂಪಸ್ ಅಂತ ಹೆಸರು. ಹುಡುಗಿಯರಿಗೇ ಹೆಚ್ಚು ಬರುತ್ತದೆ. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿ ಮೈಯನ್ನು ತಿನ್ನುವ ಕಾಯಿಲೆ. "ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಅಂತಾರಲ್ಲ, ಅದೇ," ಅಂದಳು. ಬಿಸಿಲು ಬಿದ್ದರೆ ಕೆರಳುತ್ತದೆ. ಕಿಡ್ನಿಗೆ ಇಳಿದುಬಿಟ್ಟಿದೆ. ಮೊದಲೇ ಬಂದಿದ್ದರೆ ಕೈಮೀರುತ್ತಿರಲಿಲ್ಲ.

ಕನ್ನಡಿ ಅಕ್ಕ ಕಾಯಿಲೆಯ ಹೆಸರು ಮರೆತಳು, ಬೇಲಿಯ ಮಾತು ಮರೆಯಲಿಲ್ಲ. ಎಳೆಬಿಸಿಲಿಗೆ ಮುಖವೊಡ್ಡು ಅಂದವಳು ತಾನು. ನೋವು ಇದ್ದದ್ದೇ ಅಂದವಳು ತಾನು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಅವಳಿಗೆ ಬದುಕಿನಲ್ಲಿ ತಿಳಿದಿದ್ದು ಒಂದೇ ವಿದ್ಯೆ, ಮುಖ ನೋಡಿ ಹೇಳುವುದು. ತನಗೆ ಬೇಕಾದ ಒಂದೇ ಮುಖದ ವಿಷಯದಲ್ಲಿ ಅದು ಕೈಕೊಟ್ಟಿತ್ತು.

ಮದುವೆ ಮುಂದಕ್ಕೆ ಹೋಯಿತು. ಕನ್ನಡಕದ ಹುಡುಗ ದಿನಾ ಅಂಗಡಿ ಮುಚ್ಚಿ ಬಂದು ಮಂಚದ ಪಕ್ಕ ಕೂರುತ್ತಿದ್ದ. "ಊರಿಗೆಲ್ಲ ಕಣ್ಣು ಪರೀಕ್ಷೆ ಮಾಡೋನು ನಾನು, ನನಗೂ ಕಾಣ್ಲಿಲ್ಲ," ಎಂದು ಒಂದು ದಿನ ತಲೆ ತಗ್ಗಿಸಿದ. ಗುಂಡುವೇ ಅವನ ಬೆನ್ನು ತಟ್ಟಿದಳು.

ಸ್ಟೀರಾಯ್ಡ್ ಮಾತ್ರೆಗಳು ಕೆಲಸ ಮಾಡಿದವು. ಕಾಲಿನ ನೀರು ಇಳಿಯಿತು, ಜ್ವರ ನಿಂತಿತು, ಕೆನ್ನೆಯ ಕೆಂಪು ಮಾಯವಾಯಿತು. ಆದರೆ ಮುಖ ಊದಿ ದುಂಡಗಾಯಿತು, ಕಣ್ಣು ಸಣ್ಣಗಾದವು. ಇದು ಮಾತ್ರೆಯಿಂದ ಬರುವ ಊತ, ಇಂಗ್ಲಿಷಿನಲ್ಲಿ ಇದಕ್ಕೆ ಮೂನ್ ಫೇಸ್, ಅಂದರೆ ಚಂದ್ರಮುಖ ಅಂತಲೇ ಅನ್ನುತ್ತಾರೆ ಎಂದು ನರ್ಸು ಹೇಳಿದಳು. ಗುಂಡು ಚಿಕ್ಕಮ್ಮನನ್ನು ನೋಡಿ ನಕ್ಕಳು.

"ಕೇಳಿಸ್ತಾ? ಕೊನೆಗೂ ನಿನ್ನ ಹುಡುಗಿ ಚಂದ್ರಮುಖಿ ಆದ್ಲು. ಒಂದು ಕನ್ನಡಿ ಕೊಡು, ನೋಡ್ಕೋತೀನಿ."

"ತಂದಿಲ್ಲ ಕಣೇ," ಅಂದಳು ಕನ್ನಡಿ ಅಕ್ಕ. ಅವಳ ಚೀಲದಲ್ಲಿ ಅಂಗೈಯಗಲದ ಕನ್ನಡಿ ಯಾವಾಗಲೂ ಇರುತ್ತದೆ ಎಂದು ಗುಂಡುವಿಗೆ ಗೊತ್ತಿತ್ತು. ಆದರೂ ಮತ್ತೆ ಕೇಳಲಿಲ್ಲ. ಚಾವಣಿ ನೋಡುತ್ತ ಅಂದಳು, "ಚಿಕ್ಕಮ್ಮ, ಹೊಲದಲ್ಲಿ ಪೈರಿನ ಮಧ್ಯೆ ಬೆಳೆಯುತ್ತಲ್ಲ, ಅದೂ ಕಳೆಯೇ ಅಲ್ವಾ? ಹಸಿರಾಗೇ ಇರುತ್ತೆ. ಕೀಳದೆ ಬಿಟ್ರೆ ಬೆಳೆ ತಿಂದುಬಿಡುತ್ತೆ."

"ನನ್ನನ್ನ ಬೈಯ್ಯೇ," ಅಂದಳು ಕನ್ನಡಿ ಅಕ್ಕ. "ಒಂದು ಸಲ ಬಾಯಿ ತುಂಬ ಬೈದುಬಿಡು."

"ಯಾರಾದ್ರೂ ತಮ್ಮ ಅಮ್ಮನ್ನ ಬೈತಾರಾ?" ಅಂದಳು ಗುಂಡು.

ಮನೆಗೆ ಕಳಿಸುವಾಗ ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದಳು. ಕಿಡ್ನಿ ಅರ್ಧ ಉಳಿದಿದೆ. ಮಾತ್ರೆ ತಾನಾಗಿ ನಿಲ್ಲಿಸಬಾರದು, ನಾನು ಹೇಳಿದ ಹಾಗೆ ನಿಧಾನವಾಗಿ ಇಳಿಸಬೇಕು. ಕೆಂಪು ಮತ್ತೆ ಬಂದರೆ, ಕಾಲು ಮತ್ತೆ ಊದಿದರೆ, ಅದೇ ದಿನ ಬರಬೇಕು. ತಡ ಮಾಡಿದರೆ ಈ ಸಲ ಉಳಿಸುವುದು ನನ್ನ ಕೈಯಲ್ಲಿಲ್ಲ.

ಹಾಗಾಗಿ ಅಂಗಡಿಯಲ್ಲಿ ವಾರದ ಪರೀಕ್ಷೆ ಮತ್ತೆ ಶುರುವಾಯಿತು. ಗುಂಡು ಮುಖ ತೊಳೆದು ಸ್ಟೂಲಿನ ಮೇಲೆ ಕೂರುವಳು. ಚಿಕ್ಕಮ್ಮ ಲೈಟು ಆರಿಸುವಳು, ಬಾಗಿಲು ತೆರೆಯುವಳು. "ಇಲ್ಲ," ಅನ್ನುವಳು. ಮೊದಲು ಹುಡುಗಿಯರನ್ನು ಪೆಚ್ಚು ಮಾಡುತ್ತಿದ್ದ ಆ ಒಂದು ಮಾತಿಗೆ ಈಗ ಇಬ್ಬರೂ ಉಸಿರು ಬಿಡುತ್ತಿದ್ದರು. ಬೇರೆ ಯಾವ ಹುಡುಗಿಗೂ ಕನ್ನಡಿ ಅಕ್ಕ ಕಳೆಯ ಮಾತಾಡುವುದನ್ನು ಬಿಟ್ಟಿದ್ದಳು. ತಾಯಂದಿರು ಕಾಡಿದರೆ, "ಬೆಳಿಗ್ಗೆ ಬೆರಳು ಮಡಚೋಕೆ ಬರುತ್ತಾ? ಸುಸ್ತು ಇದೆಯಾ?" ಎಂದು ಹುಡುಗಿಯನ್ನೇ ತಿರುಗಿ ಕೇಳುತ್ತಿದ್ದಳು. ಕನ್ನಡಿ ಅಕ್ಕನಿಗೆ ತಲೆ ಕೆಟ್ಟಿದೆ ಎಂದು ಕೆಲವರು ದೊಡ್ಡ ರಸ್ತೆಯ ಪಾರ್ಲರಿಗೆ ಹೋದರು.

ಮದುವೆಗೆ ಹೊಸ ದಿನ ಗೊತ್ತಾಯಿತು. ಗೊತ್ತುಮಾಡಲು ಬಂದ ಹುಡುಗನ ಅಪ್ಪ ಕಾಫಿ ಲೋಟ ಕೆಳಗಿಟ್ಟು ನಯವಾಗಿಯೇ ಹೇಳಿದರು. "ನೋಡಮ್ಮ, ಒಂದು ಸಲ ಮುಂದಕ್ಕೆ ಹೋದ ಮದುವೆ. ಜನ ಆಡ್ಕೊಳ್ತಿದ್ದಾರೆ. ಮತ್ತೊಂದು ಸಲ ಮುಂದಕ್ಕೆ ಹೋದ್ರೆ ನನ್ನ ಮಗನ ಮದುವೆ ಅದೇ ದಿನ ನಡೆಯುತ್ತೆ, ಆದ್ರೆ ಈ ಮನೆ ಹುಡುಗಿ ಜೊತೆ ಅಲ್ಲ." ಹುಡುಗ ನೆಲ ನೋಡುತ್ತ ಕೂತಿದ್ದ. ಒಳ್ಳೆಯ ಹುಡುಗ. ಆದರೆ ಅಪ್ಪನ ಮುಂದೆ ಬಾಯಿ ಬಿಡದ ಒಳ್ಳೆಯವನು. ಗುಂಡು ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಳು.

ದಿನ ಹತ್ತಿರ ಬಂದ ಹಾಗೆ ಅವಳ ಮುಖದ ಊತ ಇಳಿಯುತ್ತ ಬಂತು. ಗಲ್ಲ ಮೂಡಿತು, ಕಣ್ಣು ಅರಳಿದವು. ಕಾಯಿಲೆ ಹಿಮ್ಮೆಟ್ಟುತ್ತಿದೆ ಎಂದು ಕನ್ನಡಿ ಅಕ್ಕ ಹಿಗ್ಗಿದಳು. ಒಮ್ಮೆ ಬಿದ್ದ ಗುಂಡಿಗೇ ಮತ್ತೆ ನಡೆದುಹೋಗುತ್ತಿದ್ದೇನೆ ಎಂದು ಅವಳಿಗೆ ಗೊತ್ತಾಗಲಿಲ್ಲ. ಪ್ರೀತಿ ಇರುವ ಕಡೆ ಬುದ್ಧಿ ಕಲಿಯುವುದು ಅಷ್ಟು ಸುಲಭವಲ್ಲ.

ನಾಡಿದ್ದು ಮದುವೆ ಅನ್ನುವ ದಿನ ಮಧ್ಯಾಹ್ನ ಕೊನೆಯ ಪರೀಕ್ಷೆಗೆ ಗುಂಡು ಬಂದು ಕೂತಳು. ಕನ್ನಡಿ ಅಕ್ಕ ಲೈಟು ಆರಿಸಿ ಬಾಗಿಲು ತೆರೆದಳು. ಬೀದಿಯ ಬೆಳಕು ಒಳಗೆ ಬಂತು.

ಕೆನ್ನೆಯ ಮೇಲೆ ತೆಳುವಾಗಿ ಚಿಟ್ಟೆ ಕೂತಿತ್ತು.

ಕನ್ನಡಿ ಅಕ್ಕ ಹತ್ತಿ ಒದ್ದೆ ಮಾಡಿ ಒರೆಸಿದಳು, ಯಾವುದೋ ಬಣ್ಣ ತಾಗಿರಬಹುದು ಎಂಬ ಆಸೆ. ಹತ್ತಿ ಬೆಳ್ಳಗೇ ಬಂತು. ಇನ್ನೊಮ್ಮೆ ಒರೆಸಿದಳು. ಗುಂಡು ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳಲಿಲ್ಲ, ಚಿಕ್ಕಮ್ಮನ ಮುಖವನ್ನೇ ನೋಡುತ್ತಿದ್ದಳು.

"ಬಂತಾ?"

ಕನ್ನಡಿ ಅಕ್ಕ ನೆಲದ ಮೇಲೆ ಕೂತು ಅವಳ ಕಾಲ್ಗಂಟಿಗೆ ಹೆಬ್ಬೆರಳು ಒತ್ತಿದಳು. ಕುಳಿ ಬಿತ್ತು. ಏಳಲಿಲ್ಲ.

"ಮಾತ್ರೆ ತಗೊಳ್ತಿದ್ದೀಯಾ ತಾನೇ?"

ಗುಂಡು ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

"ನನ್ನ ಮುಖ ನೋಡಿ ಹೇಳು."

"ಮೊದಲು ಅರ್ಧ ಮಾಡಿದೆ. ಆಮೇಲೆ ಬಿಟ್ಟುಬಿಟ್ಟೆ."

"ಯಾಕೆ? ಯಾಕೇ ಗುಂಡು?"

"ಮುಖ ಇಳೀಲಿ ಅಂತ." ಅವಳ ದನಿ ಮಕ್ಕಳ ದನಿಯಂತಾಯಿತು. "ಆ ಮುಖ ಇಟ್ಕೊಂಡು ಹೆಂಗೆ ನಿಂತ್ಕೊಳ್ಳಲಿ ಚಿಕ್ಕಮ್ಮ? ಮದುವೆ ಒಂದು ದಿನದ್ದು, ಫೋಟೋ ಸಾಯೋ ತನಕದ್ದು ಅಂತ ನೀನೇ ಹೇಳೋದಲ್ವಾ?"

ಎಷ್ಟು ಹುಡುಗಿಯರಿಗೆ ಹೇಳಿದ್ದಳೋ ಆ ಮಾತನ್ನು. ಅವರೆಲ್ಲ ನಕ್ಕು ಮನೆಗೆ ಹೋಗಿದ್ದರು. ಬುಟ್ಟಿಯಲ್ಲಿ ಕೂತು ಅದನ್ನು ಕೇಳುತ್ತ ಬೆಳೆದ ಮಗು ಮಾತ್ರ ನಿಜವೆಂದು ನಂಬಿತ್ತು. ಕನ್ನಡಿ ಅಕ್ಕ ಗೋಡೆ ಹಿಡಿದು ಎದ್ದು ನಿಂತಳು.

"ಚಪ್ಪಲಿ ಹಾಕ್ಕೋ. ಆಸ್ಪತ್ರೆಗೆ ಹೋಗೋಣ."

"ಹೋದ್ರೆ ಇಟ್ಕೊಳ್ತಾರೆ. ನಾಡಿದ್ದು ಮದುವೆ. ಮಾವ ಏನಂದ್ರು ಅಂತ ನೆನಪಿದೆಯಲ್ಲ?"

"ನೆನಪಿದೆ."

"ಎರಡೇ ದಿನ ಚಿಕ್ಕಮ್ಮ. ಮದುವೆ ಮುಗಿದ ತಕ್ಷಣ ನಾನೇ ಹೋಗ್ತೀನಿ. ನಿನ್ನ ಮೇಲಾಣೆ." ಗುಂಡು ಅವಳ ಎರಡೂ ಕೈ ಹಿಡಿದುಕೊಂಡಳು. ಬೆರಳುಗಳು ಬಿಸಿಯಾಗಿದ್ದವು. "ಆವತ್ತು ಎಷ್ಟು ಖುಷಿಯಿಂದ ಹೇಳಿದ್ದೆ, ಕಳೆ ಬಂತು ಅಂತ. ಇವತ್ತೂ ಹಾಗೇ ಹೇಳು. ಎರಡು ದಿನ ಇದನ್ನ ಕಳೆ ಅಂತಲೇ ಅನ್ನು."

ಮುಚ್ಚುವುದು ಕಷ್ಟವಿರಲಿಲ್ಲ. ಕೆಂಪನ್ನು ಕೊಲ್ಲುವ ಹಸಿರು ಬಣ್ಣ ಅವಳ ಡಬ್ಬಿಯಲ್ಲೇ ಇತ್ತು. ಅದರ ಮೇಲೆ ಇನ್ನೊಂದು ಪದರ, ಅದರ ಮೇಲೆ ಪೌಡರ್. ಕಾಲು ಉಡುಪಿನ ಕೆಳಗೆ ಯಾರಿಗೆ ಕಾಣುತ್ತದೆ? ಮದುವೆ ನಡೆದುಹೋಗುತ್ತದೆ. ಈ ಮನೆಯಿಂದ ಒಬ್ಬಳಾದರೂ ಆ ಸ್ಟೂಲಿನಿಂದ ಎದ್ದು ಮದುವೆಗೆ ಹೋದಳು ಎಂದಾಗುತ್ತದೆ. ಕನ್ನಡಿ ಅಕ್ಕನಿಗೆ ಅದು ಬೇಕಿತ್ತು. ಗುಂಡುವಿಗಿಂತ ಹೆಚ್ಚಾಗಿ ಬೇಕಿತ್ತು. ಅವಳ ಕಣ್ಣು ಆ ಡಬ್ಬಿಯ ಮೇಲೆ ಹೋಗಿ, ಸ್ವಲ್ಪ ಹೊತ್ತು ಅಲ್ಲೇ ನಿಂತಿತು.

"ಅನ್ನಲ್ಲ," ಅಂದಳು. "ಒಂದು ಸಲ ಅಂದಿದ್ದಕ್ಕೆ ನಿನ್ನಲ್ಲಿ ಅರ್ಧ ಕಳೆದುಹೋಯ್ತು. ಇನ್ನರ್ಧ ಕಳೆಯೋ ಲೆಕ್ಕ ನನ್ನ ಕೈಲಿ ಮಾಡಿಸ್ಬೇಡ. ಅವರಿಗೆ ನಾನೇ ಫೋನ್ ಮಾಡಿ ಹೇಳ್ತೀನಿ."

"ಅವರು ಕಾಯಲ್ಲ ಚಿಕ್ಕಮ್ಮ."

"ಗೊತ್ತು."

ಗುಂಡುವಿನ ತುಟಿ ಅದುರಿತು. ಮದುವೆ ಹತ್ತಿರ ಬಂದಾಗ ಅಳಬಾರದು ಎಂಬ ಪಾಠ ಅವಳಿಗೆ ಬಾಯಿಪಾಠ, ಹಲ್ಲು ಕಚ್ಚಿ ತಡೆದುಕೊಂಡಳು. ಕನ್ನಡಿ ಅಕ್ಕ ಅವಳ ತಲೆಯನ್ನು ಎದೆಗೊತ್ತಿಕೊಂಡಳು.

"ಅತ್ತುಬಿಡು ಮಗಳೇ. ಇನ್ನು ಮುಖ ಊದಿದ್ರೂ ಪರವಾಗಿಲ್ಲ."

ಅವಳು ಅತ್ತಳು. ಕನ್ನಡಿಯಲ್ಲಿ ಇಬ್ಬರೂ ಕಾಣುತ್ತಿದ್ದರು. ಬೀದಿಯಲ್ಲಿ ಸೈಕಲ್ಲಿನ ಮೇಲೆ ಹೋಗುತ್ತಿದ್ದವನೊಬ್ಬ ತಲೆ ಬಾಚಿಕೊಳ್ಳಲು ಕಾಲೂರಿದವನು ಹಾಗೇ ಮುಂದೆ ಹೋದ.

ಶಟರ್ ಎಳೆದು ಬೀಗ ಹಾಕಿ ಆಟೋ ಕರೆದರು. ಗುಂಡು ಹಳೆಯ ಚಪ್ಪಲಿಯನ್ನೇ ಹಿಮ್ಮಡಿ ಹೊರಗೆ ಬಿಟ್ಟು ಎಳೆಯುತ್ತ ಬಂದು ಹತ್ತಿದಳು. ಅತ್ತು ಅತ್ತು ಅವಳ ಮುಖ ಇನ್ನಷ್ಟು ಕೆಂಪಾಗಿತ್ತು, ಕಣ್ಣು ನೀರಿನಲ್ಲಿ ಹೊಳೆಯುತ್ತಿದ್ದವು. ಜೆರಾಕ್ಸ್ ಅಂಗಡಿಯ ಆಂಟಿ ಹಾಳೆಗಳ ಕಟ್ಟು ಹಿಡಿದುಕೊಂಡೇ ಹೊರಗೆ ಬಂದು, ಸಾಮಾನು ತರಲು ಹೊರಟಿದ್ದಾರೆ ಅಂದುಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು.

"ಅಕ್ಕಾ, ನಿಮ್ಮ ಹುಡುಗಿಗೆ ಮತ್ತೆ ಕಳೆ ಬಂದುಬಿಟ್ಟಿದೆ ನೋಡಿ!"

ಗುಂಡು ಕೆನ್ನೆ ಒರೆಸಿಕೊಂಡಳು. ಮದುವೆ ಹುಡುಗಿ ನಗಬೇಕಾದ ಹಾಗೆ ನಕ್ಕಳು.

"ಹೌದಾ ಆಂಟಿ?" ಅಂದಳು.

ಕನ್ನಡಿ ಅಕ್ಕ ಆಟೋದವನ ಹೆಗಲು ಮುಟ್ಟಿ, "ಬೇಗ ನಡಿಯಪ್ಪ, ಆಸ್ಪತ್ರೆಗೆ," ಅಂದಳು.